ಎಡಗೈ ಹೆಬ್ಬೆಟ್ಟಿನ ಗುರುತು

ಬಸ್ಸು ದಾವಣಗೆರೆ ಬಿಟ್ಟಾಗಿನಿಂದ ಬಕ್ಕೇಶನಿಗೆ ತನ್ನ ಎಡಗೈಯನ್ನು ಎಲ್ಲಿಡಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದರೆ ಹೆಬ್ಬೆಟ್ಟು ಕಣ್ಣೆದುರಿಗೇ ಬರುತ್ತಿತ್ತು. ತೊಡೆಯ ಮೇಲಿಟ್ಟರೆ ಉಳಿದ ನಾಲ್ಕು ಬೆರಳು ಸುಮ್ಮನೆ ಮಲಗಿ ಅದೊಂದೇ ಎದ್ದು ಕೂತ ಹಾಗೆ ಕಾಣುತ್ತಿತ್ತು. ಕೊನೆಗೆ ಪ್ಯಾಂಟಿನ ಜೇಬಿಗೆ ತುರುಕಿದ, ಅಲ್ಲಿ ಕರ್ಚೀಫು ತಾಗಿತು, ತಟ್ಟನೆ ಹೊರಗೆಳೆದ. ಥೂ, ಎಂಥ ಕರ್ಮ ಇದು, ನಲವತ್ನಾಲ್ಕು ವರ್ಷ ಮೈಯಲ್ಲೇ ಇದ್ದ ಕೈಯನ್ನು ಇವತ್ತು ಬೇರೆಯವರ ಸಾಮಾನು ಕಾಯುವವನ ಹಾಗೆ ಕಾಯಬೇಕಾಯಿತಲ್ಲ ಅಂದುಕೊಂಡ. ಕಾಲಿನ ಸಂದಿಯಲ್ಲಿ ರೆಗ್ಜಿನ್ ಚೀಲವಿತ್ತು. ಅದರೊಳಗೆ ಟೈಪು ಮಾಡಿದ ಒಂದು ಕಾಗದ, ಒಂದು ಮಸಿ ಪ್ಯಾಡು, ಹೆಂಡತಿ ಕಟ್ಟಿಕೊಟ್ಟ ಎರಡು ರೊಟ್ಟಿ. ರೊಟ್ಟಿಗೆ ಮಸಿಯ ವಾಸನೆ ಹತ್ತಿರುತ್ತದೆ, ಇನ್ನು ಇವತ್ತು ಅದನ್ನು ತಿಂದ ಹಾಗೆಯೇ. ಖಾಸಗಿ ಬಸ್ಸು ಕೈ ಅಡ್ಡ ಮಾಡಿದವರಿಗೆಲ್ಲ ನಿಲ್ಲುತ್ತಿತ್ತು. ಹದಿನಾಲ್ಕು ಕಿಲೋಮೀಟರಿಗೆ ಒಂದು ತಾಸು. ಬೇರೆ ದಿನವಾಗಿದ್ದರೆ ಕಂಡಕ್ಟರನನ್ನು ಬೈಯುತ್ತಿದ್ದ. ಇವತ್ತು ಇನ್ನೊಂದಿಷ್ಟು ಕಡೆ ನಿಲ್ಲಿಸಲಿ, ಬೇಕಾದರೆ ಟಯರೇ ಪಂಕ್ಚರ್ ಆಗಲಿ ಅನ್ನಿಸುತ್ತಿತ್ತು.

ಕಾಗದ ಕೊಟ್ಟವರು ಸಾಹುಕಾರ ಕೊಟ್ಟೂರಪ್ಪ. ಹನ್ನೊಂದು ವರ್ಷದಿಂದ ಬಕ್ಕೇಶ ಅವರು ಗುತ್ತಿಗೆ ಹಿಡಿದ ಕಟ್ಟಡಗಳ ಸೂಪರ್‌ವೈಜರು. ಮಂಡಿಪೇಟೆಯ ಆಫೀಸಿನಲ್ಲಿ ಬೆಳಿಗ್ಗೆ ಊದುಬತ್ತಿ ಹಚ್ಚಿ ಕೂತವರೇ ಕಾಗದವನ್ನು ಮೇಜಿನ ಮೇಲೆ ನೂಕಿದ್ದರು. ಎರಡು ತಿಂಗಳ ಹಿಂದೆ ಸರಸ್ವತಿ ನಗರದ ಮೂರಂತಸ್ತಿನ ಕಟ್ಟಡದಲ್ಲಿ ಬಡಗಿ ಸೂರಪ್ಪನ ಕೈ ಗರಗಸದ ಮಿಷನ್ನಿಗೆ ಸಿಕ್ಕಿತ್ತು. ಈಗ ಅವನು ಲೇಬರ್ ಆಫೀಸಿಗೆ ಪರಿಹಾರಕ್ಕೆ ಅರ್ಜಿ ಹಾಕಿದ್ದಾನೆ. ಅರ್ಜಿ ಬರೆದವರು ಯಾರೋ, ‘ಕೈ ಬೆರಳಿಗೆ ತೀವ್ರ ಪೆಟ್ಟು’ ಎಂದಷ್ಟೇ ಬರೆದಿದ್ದರು. ಬರುವ ಹನ್ನೆರಡನೇ ತಾರೀಕಿಗೆ ವಿಚಾರಣೆ. “ಕಾಯ್ದೆದಾಗೇ ಹಂಗೈತೆ ಬಕ್ಕೇಶಿ,” ಅಂದಿದ್ದರು ಕೊಟ್ಟೂರಪ್ಪ, “ಮಿಷಿನ್ ಬ್ಲೇಡಿನ ಟೋಪಿ ಕೂಲಿಯವ್ನೇ ಬಿಚ್ಚಿದ್ರೆ ಮಾಲಕಗೆ ಸಂಬಂಧ ಇಲ್ಲ. ಬಿಚ್ಚಿದ್ದು ನಾನೇ ಅಂತ ಸೂರಪ್ಪ ಇದಕ್ಕ ಒಂದು ಹೆಬ್ಬೆಟ್ಟು ಒತ್ತಿದ ಅಂದ್ರೆ ಅರ್ಜಿ ಬಿದ್ದೋಗತೈತೆ. ನೀನು ಹೇಳಿದ್ರೆ ಒತ್ತತಾನೆ. ನಿನ್ನ ಮಾತು ದಾಟಲ್ಲ ಅವ್ನು.” ಬಕ್ಕೇಶ ಕಾಗದ ಮುಟ್ಟದೆ ನಿಂತಿದ್ದನ್ನು ನೋಡಿ, ಕನ್ನಡಕ ತೆಗೆದು ಒರೆಸುತ್ತ, ಮೆತ್ತಗಿನ ದನಿಯಲ್ಲಿ ಇನ್ನೊಂದು ಮಾತು ಹೇಳಿದ್ದರು: “ಒತ್ತಲಿಲ್ಲ ಅಂದ್ರೆ, ಹಂಗಾರೆ ಬಿಚ್ಚಿದ್ಯಾರು ಅಂತ ಆಫೀಸರು ಕೇಳ್ತಾರೆ. ಆಗ ನಾನು ಯಾರ ಹೆಸ್ರು ಹೇಳ್ಲಿ? ನೀನೇ ಹೇಳು.” ಬಕ್ಕೇಶ ಕಾಗದ ತೆಗೆದುಕೊಂಡಿದ್ದ. ಯಾಕಂದರೆ ಬಿಚ್ಚಿದವನು ಬಕ್ಕೇಶನೇ. ಅದು ಕೊಟ್ಟೂರಪ್ಪನವರಿಗೆ ಗೊತ್ತು, ಸೂರಪ್ಪನಿಗೆ ಗೊತ್ತು, ಕಟ್ಟಡದ ಇಟ್ಟಿಗೆ ಇಟ್ಟಿಗೆಗೆ ಗೊತ್ತು.

ಡ್ರೈವರನ ತಲೆಯ ಮೇಲಿನ ದೇವರ ಪಟಕ್ಕೆ ಚೆಂಡು ಹೂವಿನ ಸರ ಹಾಕಿದ್ದರು. ಒಣಗಿ ಕಂದಾಗಿತ್ತು. ಆಯುಧ ಪೂಜೆಯ ದಿನದ್ದೇ ಇರಬೇಕು, ತೆಗೆಯಲು ಯಾರಿಗೆ ಪುರಸೊತ್ತು. ಆವತ್ತು ಮಿಷನ್ನಿಗೂ ಇಂಥದೇ ಸರ ತಂದಿದ್ದ. ಮಿಕ್ಸರು, ಪಂಪು, ಕರಣೆ, ಸುತ್ತಿಗೆ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಗರಗಸದ ಮುಂದೆ ಕೂತ ಬಕ್ಕೇಶ ವಿಭೂತಿಯನ್ನು ಮೂರು ಬೆರಳಿಗೆ ಹಚ್ಚಿಕೊಂಡು ನೋಡಿದರೆ, ಬ್ಲೇಡು ಎಲ್ಲಿ ಕಾಣಬೇಕು? ಅರ್ಧ ಮೇಜಿನೊಳಗೆ, ಇನ್ನರ್ಧ ಆ ತಗಡಿನ ಮುಚ್ಚಳದೊಳಗೆ. ಅದನ್ನು ಎಲ್ಲರೂ ಟೋಪಿ ಅನ್ನುತ್ತಿದ್ದರು. ಟೋಪಿಯ ಮೇಲೇ ಹಚ್ಚಿಬಿಡ್ರಿ ಅಂದ ಸೂರಪ್ಪ. “ಹಣಿ ಬಿಟ್ಟು ರುಮಾಲಿಗೆ ವಿಭೂತಿ ಹಚ್ತಾರೇನೋ?” ಅಂದಿದ್ದ ಬಕ್ಕೇಶ. ಎಲ್ಲರೂ ನಕ್ಕಿದ್ದರು. ನಗಿಸಿದ ಹುಮ್ಮಸ್ಸಿನಲ್ಲಿ ಅವನೇ ಪಾನಾ ತಂದು, ಎರಡು ನಟ್ಟು ಸಡಿಲಿಸಿ, ಟೋಪಿ ಎತ್ತಿ ಪಕ್ಕಕ್ಕಿಟ್ಟು, ಬ್ಲೇಡಿನ ಎರಡೂ ಮೈಗೆ ಮೂರು ಮೂರು ಗೆರೆ ಎಳೆದಿದ್ದ. ನಡುವೆ ಕುಂಕುಮ. ಎಷ್ಟು ಚೆಂದ ಕಂಡಿತ್ತು! ಒಂದು ಕ್ಷಣ ಅವನಿಗೇ ಭಕ್ತಿ ಬಂದಿತ್ತು. ಕುಂಬಳಕಾಯಿ ಒಡೆದು, ಮಂಡಕ್ಕಿ ಹಂಚಿ, ಎಲ್ಲರೂ ಮನೆಗೆ ಹೋದರು. ಟೋಪಿಯನ್ನು ಅದರ ಸರದ ಸಮೇತ ಸಿಮೆಂಟಿನ ಕೋಣೆಯ ಅಟ್ಟಕ್ಕೆ ಎಸೆದಿದ್ದ. ಮಾರನೆಯ ಕೆಲಸದ ದಿನ ಸೂರಪ್ಪ, “ಟೋಪಿ ಹಾಕಾಣೇನ್ರಿ?” ಅಂದ. ಸ್ಲ್ಯಾಬಿನ ಅವಸರ ಇತ್ತು. ಟೋಪಿ ಇಲ್ಲದಿದ್ದರೆ ದಪ್ಪ ಹಲಗೆಯೂ ಸರಾಗ ಹೋಗುತ್ತಿತ್ತು, ನಡುವೆ ಸಿಕ್ಕಿ ನಿಲ್ಲುತ್ತಿರಲಿಲ್ಲ. “ನಾಳೆ ಹಾಕಾಣ ತಡಿ, ಮೊದ್ಲು ಹಲಗಿ ಆಗ್ಲಿ,” ಅಂದ ಬಕ್ಕೇಶ. ಆ ನಾಳೆ ಮೂರು ವಾರ ಬರಲಿಲ್ಲ. ನಡುವೆ ಒಮ್ಮೆ ಕೊಟ್ಟೂರಪ್ಪ ಬಂದು ಹಲಗೆಯ ರಾಶಿ ನೋಡಿ, ಈ ಸಲದ ಪೂಜೆ ಫಲ ಕೊಟ್ಟೈತೆ ಬಿಡು ಅಂದು ಹೋಗಿದ್ದರು.

ಕೈ ಸಿಕ್ಕ ದಿನ ಬಕ್ಕೇಶ ಮೇಲಿನ ಅಂತಸ್ತಿನಲ್ಲಿ ಟೇಪು ಹಿಡಿದು ನಿಂತಿದ್ದ. ಕೆಳಗಿನಿಂದ ಮಿಷನ್ನಿನ ದನಿ ಒಂದೇ ಸಮ ಬರುತ್ತಿದ್ದುದು ಒಮ್ಮೆಲೇ ಬದಲಾಯಿತು, ಮತ್ತೆ ಮೊದಲಿನಂತಾಯಿತು. ಅಷ್ಟೇ. ಹಲಗೆಯಲ್ಲಿ ಗಂಟು ಸಿಕ್ಕಿದಾಗಲೂ ಹಾಗೆಯೇ ಆಗುತ್ತದೆ. ಗಂಟು ಇರಬೇಕು ಅಂದುಕೊಂಡು ಅಳತೆ ಬರೆದುಕೊಂಡ. ಮೂರಡಿ ನಾಲ್ಕಿಂಚು. ಆ ಅಳತೆ ಈಗಲೂ ನೆನಪಿದೆ, ಹೆಂಡತಿಯ ಹುಟ್ಟಿದ ದಿನ ನೆನಪಿಲ್ಲ. ಆಮೇಲೆ ಕೂಗು ಕೇಳಿತು. ಕೆಳಗಿಳಿದಾಗ ಸೂರಪ್ಪ ಮರದ ಪುಡಿಯಲ್ಲಿ ಮೊಣಕಾಲೂರಿ ಕೂತು ಬಲಗೈಯಿಂದ ಏನನ್ನೋ ಹುಡುಕುತ್ತಿದ್ದ. ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದ. “ಎಲ್ಲಿ ಬಿತ್ತೋ ಏನೋ ನೋಡ್ರಿ ಸ್ವಲ್ಪ,” ಅಂದ, ಪೆನ್ಸಿಲ್ಲು ಬಿದ್ದವನ ಹಾಗೆ. ಹುಡುಕಿಕೊಟ್ಟವನು ಬಕ್ಕೇಶ. ಕರ್ಚೀಫಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಪಿ.ಜೆ. ಬಡಾವಣೆಯ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಹೆಬ್ಬೆಟ್ಟು ಬುಡದಿಂದ ಹೋಗಿದೆ, ಜೋಡಿಸುವಂತಿಲ್ಲ, ತೋರುಬೆರಳೂ ಇನ್ನು ಮಡಚುವುದಿಲ್ಲ ಅಂದರು ಡಾಕ್ಟರು. ಆಯಾ ಬಂದು ಅವನ ಕೈಯಿಂದ ಆ ಗಂಟನ್ನು ಇಸಿದುಕೊಂಡು, ಬಿಚ್ಚಿ ತಟ್ಟೆಗೆ ಹಾಕಿ, “ಕರ್ಚೀಪು ಬೇಕೇನ್ರಿ?” ಅಂದಳು. ಇವನು ಬೇಕು ಅಂದ! ಯಾಕೆ ಅಂದ? ಎಂಥ ಮನುಷ್ಯ ತಾನು? ಹೆಂಡತಿ ಎರಡು ಸಲ ಬಿಸಿನೀರಿನಲ್ಲಿ ಹಾಕಿ ಒಗೆದಳು, ಈಗ ಒಂದು ಕಲೆಯೂ ಇಲ್ಲ. ಸಂಜೆ ಬಂದ ಕೊಟ್ಟೂರಪ್ಪ ಕಾರಿಡಾರಿನಲ್ಲೇ ನಿಂತು ಮೂರು ಮಾತು ಕೇಳಿದ್ದರು: ಜೀವಕ್ಕೇನಿಲ್ಲಲ್ಲ? ಪೊಲೀಸರು ಬಂದಿದ್ರೇನು? ಸ್ಲ್ಯಾಬ್ ಯಾವತ್ತು? ಒಳಗೆ ಹೋಗಲಿಲ್ಲ, ರಕ್ತ ನೋಡಿದರೆ ಅವರಿಗೆ ತಲೆ ಸುತ್ತುತ್ತದಂತೆ. ಹೋಗುವಾಗ, ಟೋಪಿ ಇವತ್ತೇ ಹಾಕಿಬಿಡು ಅಂದರು. ಬಕ್ಕೇಶ ಹೋಗಿ, ಅಟ್ಟದಿಂದ ಟೋಪಿ ಇಳಿಸಿ, ಒಣಗಿದ ಸರ ಕಿತ್ತೆಸೆದು, ಅದೇ ಪಾನಾದಿಂದ ಅವೇ ಎರಡು ನಟ್ಟು ಬಿಗಿದ. ಎರಡು ನಿಮಿಷದ ಕೆಲಸ.

ಹರಿಹರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸೂರಪ್ಪನ ಮನೆ ಹೊಳೆಯ ಕಡೆ ಇಳಿಯುವ ಓಣಿಯಲ್ಲಿತ್ತು. ಬಾಗಿಲಲ್ಲಿ ಅವನ ಹೆಂಡತಿ ಮೈಲಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಇವನನ್ನು ನೋಡಿ ಎದ್ದಳು, ಆದರೆ ಮುಖ ಅರಳಲಿಲ್ಲ. “ಬರ್ರಿ,” ಅಂದಳು. ಒಳಗಿನಿಂದ ಸೂರಪ್ಪ, “ಯಾರು, ಬಕ್ಕೇಶಣ್ಣಾರಾ? ಬರ್ರಿ ಬರ್ರಿ, ಕೂಡ್ರಿ. ಏಯ್, ಚಾಪಿ ಹಾಸು,” ಅನ್ನುತ್ತ ಎಡಗೈಗೆ ಟವಲ್ಲು ಎಳೆದುಕೊಂಡ. ಅಂಗಿಯ ಎರಡು ಗುಂಡಿ ಬಿಚ್ಚಿದ್ದವು. ಬಕ್ಕೇಶ ನೋಡಿದ್ದನ್ನು ನೋಡಿ ನಕ್ಕ. “ಗುಂಡಿ ಹಾಕ್ಕಳ್ಳಾಕ ಬರವಲ್ದು ರೀ. ಇವ್ಳೇ ಹಾಕ್ಬೇಕು. ಇವ್ಳು ಸಿಟ್ಟಾದ ದಿನ ಹಿಂಗೇ.” ಎರಡು ತಿಂಗಳಲ್ಲಿ ಬಕ್ಕೇಶ ಒಂದು ಸಲವೂ ಬಂದಿರಲಿಲ್ಲ. ಅದರ ಬಗ್ಗೆ ಸೂರಪ್ಪ ಏನಾದರೂ ಅನ್ನಲಿ, ಒಂದು ಮಾತು ಚುಚ್ಚಲಿ ಅಂತ ಕಾದ. ಅವನು ಸ್ಲ್ಯಾಬ್ ಹೆಂಗೆ ಬಂತು, ಸೋರುತ್ತೈತಾ, ಹೊಸ ಬಡಗಿ ಕಲ್ಲಪ್ಪನ ಕೈ ಚಲೋ ಐತಾ ಅಂತ ಕೇಳಿದ. ಮೈಲಮ್ಮ ಚಾ ತಂದಿಟ್ಟಳು. ಸೂರಪ್ಪ ಬಲಗೈಯಲ್ಲಿ ಲೋಟ ಹಿಡಿದು, ತನ್ನ ಪಾಡಿಗೆ ತಾನು ಹೇಳುವವನ ಹಾಗೆ, “ಬಲಗೈ ಗಟ್ಟಿ ಐತಲ್ಲ ಅಂತಾರೆ ಎಲ್ಲರೂ. ಐತೆ, ಸುತ್ತಿಗಿ ಹಿಡಿತೈತೆ. ಮೊಳಿ ಹಿಡಿಯಾಕ ಯಾರನ್ನ ಕರೀಲಿ ರೀ?” ಅಂದ. ಪರಿಹಾರ ಅಂತ ಏನಾದರೂ ಬಂದರೆ ಓಣಿಯ ತುದಿಯಲ್ಲಿ ಒಂದು ಗೂಡಂಗಡಿ ಇಡುವ ಯೋಚನೆ ಇದೆ, ಬಾಗಿಲಿಗೆ ಹಲಗೆಯನ್ನು ತಾನೇ ನಿಂತು ಮಾಡಿಸುತ್ತೇನೆ ಅಂದ. ಬಕ್ಕೇಶ ಚಾ ಕುಡಿದ.

“ಒಂದ್ ಮಾತು ಕೇಳ್ಬೇಕು ಅಂತಿದ್ದೆ,” ಅಂದ ಸೂರಪ್ಪ, ದನಿ ತಗ್ಗಿಸಿ. “ನನ್ನ ಬೆರಳು ಏನ್ಮಾಡಿದ್ರಿ?”

ಬಕ್ಕೇಶನಿಗೆ ಆಯಾಳ ತಟ್ಟೆ ಕಂಡಿತು. “ಮಣ್ಣು ಮಾಡಿದ್ವಿ,” ಅಂದ.

“ಎಲ್ಲಿ?”

“ಅಲ್ಲೇ, ಕಟ್ಟಡದ ಹಿಂದೆ. ಬನ್ನಿ ಗಿಡದ ಬುಡಕ್ಕ.” ಕಟ್ಟಡದ ಹಿಂದೆ ಬನ್ನಿ ಗಿಡ ಇರಲಿಲ್ಲ, ಜಲ್ಲಿ ರಾಶಿ ಇತ್ತು. ಸೂರಪ್ಪನಿಗೆ ಅದು ಗೊತ್ತಿರಬೇಕಿತ್ತು. ಅವನು ತಲೆಯಾಡಿಸಿದ. “ಚಲೋ ಆತು ಬಿಡ್ರಿ. ನಮ್ಮವ್ವ ಕೇಳ್ತಾನೇ ಇದ್ಲು, ನಾಯಿ ಗೀಯಿ ಬಾಯಿಗೆ ಹೋತೇನೋ ಅಂತ. ದೊಡ್ಡ ಉಪಕಾರ ಆತು ರೀ ನಿಮ್ದು.” ಉಪಕಾರ! ಆ ಮಾತಿಗಿಂತ ಅವನು ಎದ್ದು ಕಪಾಳಕ್ಕೆ ಹೊಡೆದಿದ್ದರೆ ಹಗುರವಾಗುತ್ತಿತ್ತು. ಈ ಮನುಷ್ಯ ಯಾಕೆ ಹೊಡೆಯುವುದಿಲ್ಲ? ಯಾಕೆ ಕೂಡ್ರಿ ಅನ್ನುತ್ತಾನೆ, ಚಾ ಕೊಡಿಸುತ್ತಾನೆ? ಬಕ್ಕೇಶನಿಗೆ ಅವನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಚೀಲದ ಜಿಪ್ಪು ಎಳೆದು ಕಾಗದ ಹೊರಗೆ ತೆಗೆದ. ಸಾಹುಕಾರ್ರು ಕಳಿಸ್ಯಾರೆ, ಇದಕ್ಕೊಂದು ಹೆಬ್ಬೆಟ್ಟು ಬೇಕಂತೆ ಅಂದ. ಅಷ್ಟೇ ಹೇಳಿದರೆ ಸಾಕಾಗಿತ್ತು, ಸೂರಪ್ಪ ಆಗಲೇ ಲೋಟ ಕೆಳಗಿಟ್ಟಿದ್ದ. ಆದರೆ ಮೈಲಮ್ಮ ಬಾಗಿಲಿಗೆ ಆತು ನಿಂತಿದ್ದಳು. “ಏನ್ ಬರ್ದೈತೆ, ಓದ್ರಿ,” ಅಂದಳು.

ಓದಿದ. ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ, ಒಂದೇ ಉಸಿರಿಗೆ, ನಿಲ್ಲಬೇಕಾದ ಕಡೆ ನಿಲ್ಲದೆ ಓದಿದ. ಸೂರಪ್ಪ, ಬಡಗಿ ಕೆಲಸ, ಸಾಕಿನ್ ಹರಿಹರ. ಈ ಕೆಳಗೆ ಹೆಬ್ಬೆಟ್ಟು ಒತ್ತಿರುವ ನಾನು ಬರೆಸಿಕೊಟ್ಟ ಹೇಳಿಕೆ ಏನೆಂದರೆ, ಗರಗಸ ಯಂತ್ರದ ಸುರಕ್ಷಾ ಕವಚವನ್ನು ನಾನೇ ನನ್ನ ಸ್ವಇಚ್ಛೆಯಿಂದ ಬಿಚ್ಚಿರುತ್ತೇನೆ, ಇದಕ್ಕೆ ಬೇರೆ ಯಾರೂ ಹೊಣೆಗಾರರಲ್ಲ. ಓದಿ ತಲೆ ಎತ್ತಿದಾಗ ಸೂರಪ್ಪನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. “ಕವಚ?” ಅಂದ. “ಯಾವ ದೇವ್ರ ಕವಚ ರೀ? ನಾನ್ಯಾವ ಗುಡಿಗೆ ಹೋಗೀನಿ? ಬೆಳ್ಳಿ ಕವಚ ಬಿಚ್ಚೋ ಅಂಥ ಮನಿ ಅಲ್ರಿ ನಮ್ದು. ಬಡವರಿರಬೌದು, ದೇವ್ರ ಮೈಗೆ ಕೈ ಹಾಕಿಲ್ಲ.” ಅವನ ದನಿ ನಡುಗುತ್ತಿತ್ತು. ಬೆರಳು ಹೋದ ದಿನವೂ ಅವನ ದನಿ ಹೀಗೆ ನಡುಗಿರಲಿಲ್ಲ. “ಅಲ್ಲಲ್ಲ, ಸೂರಪ್ಪ, ಅದಲ್ಲೋ,” ಅಂದ ಬಕ್ಕೇಶ, “ದೇವ್ರದ್ದಲ್ಲ. ಮಿಷಿನ್‌ದು. ಟೋಪಿ. ಟೋಪಿಗೇ ಇಂಗ್ಲಿಷ್ ಓದಿದೋರು ಹಂಗಂತಾರೆ.”

“ಓ, ಟೋಪಿನಾ,” ಅಂದ ಸೂರಪ್ಪ. ಉಸಿರು ಬಿಟ್ಟ. ನಕ್ಕೂ ಬಿಟ್ಟ. “ನಾ ಹೆದ್ರೇಬಿಟ್ಟಿದ್ದೆ. ಟೋಪಿ ನೀವು ಬಿಚ್ಚಿದ್ರಲ್ಲ ರೀ, ಪೂಜಿ ದಿನ. ವಿಭೂತಿ ಹಚ್ಚಾಕ.” ಅವನು ಅದನ್ನು ತಪ್ಪು ಹೊರಿಸುವ ಹಾಗೆ ಹೇಳಲಿಲ್ಲ. ಮರೆತವನಿಗೆ ನೆನಪು ಮಾಡಿಕೊಡುವ ಹಾಗೆ ಹೇಳಿದ. ಬಕ್ಕೇಶ ಕಾಗದವನ್ನೇ ನೋಡುತ್ತಿದ್ದ. ಮೈಲಮ್ಮನ ದನಿ ಬಾಗಿಲಿಂದ ಬಂತು: “ಮಿಷಿನ್‌ದು ಬಿಚ್ಚಿದ್ದು ಸಾಲಲಿಲ್ಲಂತ ಈಗ ನಮಿಗೆ ಹಾಕಾಕ ಬಂದೀರೇನ್ರಿ ಆ ಟೋಪಿ?” ಸೂರಪ್ಪ ಅವಳನ್ನು ಗದರಿಸಿದ. ಅವಳು ಸುಮ್ಮನಾಗಲಿಲ್ಲ. “ನೀ ಸುಮ್ನಿರು. ಹನ್ನೆರಡನೇ ತಾರೀಕು ಬಾ ಅಂತ ಕಾಗ್ದ ಬಂದೈತೆ. ಇದಕ್ಕ ಒತ್ತಿದಿ ಅಂದ್ರೆ ಅಲ್ಲಿಗೆ ಯಾಕ ಹೋಗ್ಬೇಕು? ಇವ್ರು ಓದಿದೋರು, ಹೇಳ್ಲಿ.”

ಬಕ್ಕೇಶ ಕಾಗದ ಕೆಳಗಿಟ್ಟ. ಹೇಳಿದ: “ಒತ್ತಲಿಲ್ಲ ಅಂದ್ರೆ ನನ್ನ ಹೆಸ್ರು ಹೇಳ್ತಾರಂತೆ.” ಹೇಳಿ, ಇದನ್ನು ಹೇಳುವುದಕ್ಕೇ ತಾನು ಬಂದದ್ದು ಅನ್ನುವುದು ಗೊತ್ತಾಗಿ, ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಸೂರಪ್ಪ ಲೋಟವನ್ನು ಗೋಡೆಯ ಕಡೆ ಸರಿಸಿದ. ಆಮೇಲೆ, “ನಿಮಗೂ ಮನಿ ಮಠ ಐತೆ,” ಅಂದು ಬಲಗೈ ಮುಂದೆ ಚಾಚಿದ. “ಎಲ್ಲಿ ಒತ್ಬೇಕು ತೋರಸ್ರಿ.” ಮೈಲಮ್ಮ ಮುಖಕ್ಕೆ ಸೆರಗು ಒತ್ತಿಕೊಂಡಳು. ಬಕ್ಕೇಶ ಪ್ಯಾಡಿನ ಮುಚ್ಚಳ ತೆರೆದ. ಒಂಬತ್ತು ವರ್ಷ, ಪ್ರತಿ ಶನಿವಾರ ಹಾಜರಿ ಪುಸ್ತಕಕ್ಕೆ ಈ ಮನುಷ್ಯನ ಹೆಬ್ಬೆಟ್ಟು ಹಿಡಿದು ಒತ್ತಿಸಿದವನು ಅವನೇ. ಎಡದಿಂದ ಬಲಕ್ಕೆ ಒಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಗೆರೆ ಮೂಡುವುದಿಲ್ಲ. ಆ ಹೆಬ್ಬೆಟ್ಟಿನ ಅಡ್ಡಕ್ಕೆ ಒಂದು ಹಳೆಯ ಉಳಿ ಪೆಟ್ಟಿನ ಗುರುತಿತ್ತು, ಅದನ್ನು ನೋಡಿಯೇ ಇದು ಸೂರಪ್ಪನದು ಅನ್ನುತ್ತಿದ್ದ. ಆ ರೂಢಿಯ ಬಾಯಿಯೇ ಇರಬೇಕು, ಚಾಚಿದ ಬಲಗೈ ನೋಡಿ, ಕಾಗದದ ಕೆಳಗೆ ಟೈಪು ಮಾಡಿದ್ದನ್ನು ನೋಡಿ, “ಇದಲ್ಲೋ, ಎಡಗೈದು,” ಅಂದುಬಿಟ್ಟಿತು.

ಹೊರಗೆ ಓಣಿಯಲ್ಲಿ ಯಾರೋ ಕೊಡ ಇಟ್ಟ ಸದ್ದು ಕೇಳಿತು. ಮೈಲಮ್ಮ ಒಳಗೆ ಬಂದಳು, ಗಂಡನ ಪಕ್ಕ ಕೂತಳು, ಟವಲ್ಲು ಸರಿಸಿ ಅವನ ಎಡಗೈಯನ್ನು ಎತ್ತಿ ಬಕ್ಕೇಶನ ಮುಂದೆ, ಮಸಿ ಪ್ಯಾಡಿನ ಪಕ್ಕ ಇಟ್ಟಳು. ಗಾಯ ಮಾಗಿ ಬುಡ ನುಣ್ಣಗೆ, ತಿಳಿ ಗುಲಾಬಿಯಾಗಿ ಮುಚ್ಚಿಕೊಂಡಿತ್ತು. “ಒತ್ತಸ್ರಿ,” ಅಂದಳು. “ಎಲ್ಲಿ ಒತ್ತಸ್ತೀರಿ ಒತ್ತಸ್ರಿ.” ಬಕ್ಕೇಶ ಪ್ಯಾಡು ಮುಚ್ಚಿದ. ಮುಚ್ಚಳ ಒಂದೇ ಸಲಕ್ಕೆ ಕೂರಲಿಲ್ಲ, ಮೂರು ಸಲ ಒತ್ತಬೇಕಾಯಿತು. ಕಾಗದ ಮಡಚಿ, ಚೀಲ ಎತ್ತಿಕೊಂಡು, ಚಪ್ಪಲಿ ಎಡ ಬಲ ನೋಡದೆ ಮೆಟ್ಟಿ ಹೊರಬಿದ್ದ. ಹಿಂದಿನಿಂದ ಸೂರಪ್ಪನ ದನಿ ಬಂತು, ಇನ್ನೂ ಅದೇ ಮರ್ಯಾದೆಯ ದನಿ. “ಬಲಗೈದು ನಡೀತದೇನೋ ಕೇಳ್ಕಂಡು ಬರ್ರಿ, ಬಕ್ಕೇಶಣ್ಣಾರೆ. ನಾ ಮನ್ಯಾಗೇ ಇರ್ತೀನಿ.”

ಬಸ್ ಸ್ಟ್ಯಾಂಡಿಗೆ ಹೋಗಬೇಕಾದವನು ಹೊಳೆಗೆ ಇಳಿದ. ಮೆಟ್ಟಿಲ ಮೇಲೆ ಕೂತ. ತುಂಗಭದ್ರೆ ಮಾಗಿಯಲ್ಲಿ ಈಚೆ ದಡಕ್ಕೆ ಸೇರಿಕೊಂಡು ಹರಿಯುತ್ತಿತ್ತು. ಆಚೆ ಮರಳಿನ ಅಂಚಿನಲ್ಲಿ ಎತ್ತು ತೊಳೆಯುತ್ತಿದ್ದರು. ಅವನಿಗೆ ಸುಸ್ತಾಗಿತ್ತು. ಬರೀ ಇವತ್ತಿನ ಸುಸ್ತಲ್ಲ, ಹನ್ನೊಂದು ವರ್ಷ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದ ಸುಸ್ತು. ಮೇಲಿನವರ ಮಾತನ್ನು ಕೆಳಗೆ ಬೈಗುಳ ಮಾಡಿ, ಕೆಳಗಿನವರ ಬೈಗುಳವನ್ನು ಮೇಲೆ ನಮಸ್ಕಾರ ಮಾಡಿ ಮುಟ್ಟಿಸಿದ್ದೇ ಅವನ ಕಸುಬು. ಕಾಗದ ಖಾಲಿ ಒಯ್ದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ನಿನ್ನ ಕೈಯಿಂದ ಒಂದು ಕೆಲಸ ಆಗಲ್ಲ ಅನ್ನುತ್ತಾರೆ ಕೊಟ್ಟೂರಪ್ಪ, ಜೀಪು ತೆಗೆದುಕೊಂಡು ತಾವೇ ಬರುತ್ತಾರೆ ಅಥವಾ ವಕೀಲರ ಗುಮಾಸ್ತನನ್ನು ಕಳಿಸುತ್ತಾರೆ. ಅವರು ಎಡಗೈ ಬಲಗೈ ಅನ್ನುವುದಿಲ್ಲ. ಕೂಡ್ರಿ ಅಂದು ಚಾ ಕೊಡಿಸಿ ಸೂರಪ್ಪ ಒತ್ತಿಕೊಡುತ್ತಾನೆ. ಒತ್ತಿದ ಕಾಗದ ಕೈಗೆ ಬಂದರೆ ಮಾತ್ರ ಆ ಓಣಿಗೆ ಇನ್ನು ಯಾರೂ ಬರುವುದಿಲ್ಲ.

ಯೋಚನೆ ಅಲ್ಲಿಗೆ ಬಂದಾಗ ಕಾಗದ ತೊಡೆಯ ಮೇಲಿತ್ತು, ಪ್ಯಾಡು ತೆರೆದಿತ್ತು. ಮೇಲಿನ ಹೆಸರು ದಾಟಿ ಮುಂದಿನ ಸಾಲನ್ನು ಮತ್ತೆ ಓದಿದ. ಈ ಕೆಳಗೆ ಹೆಬ್ಬೆಟ್ಟು ಒತ್ತಿರುವ ನಾನು. ಯಾರು ಒತ್ತಿದರೆ ಅವನು. ಕವಚವನ್ನು ನಾನೇ ನನ್ನ ಸ್ವಇಚ್ಛೆಯಿಂದ ಬಿಚ್ಚಿರುತ್ತೇನೆ. ಹೌದಲ್ಲ, ಬಿಚ್ಚಿದೆನಲ್ಲ. ಎರಡು ತಿಂಗಳಿನಿಂದ ಬಾಯಿಗೆ ಬಾರದ ಮಾತನ್ನು ಯಾವನೋ ವಕೀಲ ಚೊಕ್ಕವಾಗಿ ಟೈಪು ಮಾಡಿ ಕೈಗೆ ಕೊಟ್ಟಿದ್ದಾನೆ. ಬಕ್ಕೇಶ ತನ್ನ ಎಡಗೈ ಹೆಬ್ಬೆಟ್ಟನ್ನು ಮಸಿಗೆ ಒತ್ತಿ, ಕಾಗದದ ಮೇಲಿಟ್ಟು, ಎಡದಿಂದ ಬಲಕ್ಕೆ ಒಮ್ಮೆ ಹೊರಳಿಸಿದ. ಚೆನ್ನಾಗಿ ಮೂಡಿತು. ಸಹಿ ಬಲ್ಲವನು, ಹೆಬ್ಬೆಟ್ಟು ಒತ್ತಿದ್ದು ಜೀವನದಲ್ಲಿ ಇದೇ ಮೊದಲು. ತನ್ನ ಗೆರೆಗಳು ಹೀಗಿವೆಯೇ ಅಂತ ಬಗ್ಗಿ ನೋಡಿದ. ಆಗಲೇ ಕೆಳಗಿನ ಅಕ್ಷರ ಮತ್ತೆ ಕಣ್ಣಿಗೆ ಬಿದ್ದದ್ದು: ಸೂರಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು. ಎಂಥ ದಡ್ಡ! ಎಡಗೈ ಹೆಬ್ಬೆಟ್ಟೇ ಇಲ್ಲದವನ ಎಡಗೈ ಹೆಬ್ಬೆಟ್ಟು. ಹನ್ನೆರಡನೇ ತಾರೀಕು ಆಫೀಸರು ಸೂರಪ್ಪನನ್ನು ಎದುರಿಗೆ ನಿಲ್ಲಿಸಿ, ಇದು ನಿನ್ನದೇನಪ್ಪ ಅಂತ ಕೇಳುತ್ತಾರೆ. ಅವನು ಟವಲ್ಲು ಸರಿಸುತ್ತಾನೆ. ಹಾಗಾದರೆ ಇದು ಯಾರದು? ಅಷ್ಟಾದ ಮೇಲೆ ಉಳಿದದ್ದೆಲ್ಲ ತಾನೇ ಬಿಚ್ಚಿಕೊಳ್ಳುತ್ತದೆ, ಕೊಟ್ಟೂರಪ್ಪನೂ, ತಾನೂ. ಕಾಗದ ಹರಿಯಬೇಕು ಅಂದುಕೊಂಡ. ನೀರು ಎರಡು ಮೆಟ್ಟಿಲು ಕೆಳಗೇ ಇತ್ತು. ಮೂಲೆ ಹಿಡಿದ. ಮಸಿ ಇನ್ನೂ ಹಸಿಯಾಗಿತ್ತು, ಗಾಳಿಗೆ ಹಿಡಿದ ಹಾಗಾಯಿತು. ಒಣಗುವ ತನಕ ಹಾಗೆಯೇ ಹಿಡಿದುಕೊಂಡು ಕೂತ. ಆಮೇಲೆ ಮಡಚಿ ಚೀಲದೊಳಗಿಟ್ಟ. ಬೆರಳು ಒರೆಸಲು ಜೇಬಿನಿಂದ ಕರ್ಚೀಫು ತೆಗೆದ. ಅದಕ್ಕೆ ಕೊನೆಗೂ ಒಂದು ಕಲೆ ಹತ್ತಿತು. ಮೆಟ್ಟಿಲ ಮೇಲೆ ಕೂತೇ ರೊಟ್ಟಿ ತಿಂದ. ಮಸಿ ವಾಸನೆ ಹತ್ತಿತ್ತು, ಆದರೂ ತಿಂದ.

ಮಂಡಿಪೇಟೆ ಮುಟ್ಟಿದಾಗ ನಾಲ್ಕೂವರೆ. ಹಮಾಲರು ಮೂಟೆ ಇಳಿಸುತ್ತಿದ್ದ ಸಂದಿಯಲ್ಲಿ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಿದ. ಕೊಟ್ಟೂರಪ್ಪ ಫೋನಿನಲ್ಲಿದ್ದರು, ಕಣ್ಣಲ್ಲೇ ಏನಾತು ಅಂದರು. ಬಕ್ಕೇಶ ಕಾಗದ ಬಿಡಿಸಿ ಮೇಜಿನ ಮೇಲಿಟ್ಟ. ಅವರು ಫೋನು ಇಟ್ಟು, ಕನ್ನಡಕ ಏರಿಸಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಈಗ ಹೇಳಿಬಿಡಬಹುದು, ಇನ್ನೂ ಹೊತ್ತು ಮೀರಿಲ್ಲ.

“ಅಚ್ಚು ಚಲೋ ಬಿದ್ದೈತಲ್ಲ,” ಅಂದರು. “ತಕರಾರು ಮಾಡಿದ್ನೇನು?”

“ಇಲ್ರಿ. ಚಾ ಕೊಡಿಸಿದ.”

“ನಾ ಹೇಳ್ಲಿಲ್ಲ? ಭಾಳ ಒಳ್ಳೆ ಮನ್ಷ ಅವ್ನು.” ಅವರ ಕಣ್ಣು ಇವನ ಕೈಗೆ ಬಿತ್ತು. “ಇದೇನೋ, ನಿನ್ನ ಕೈಗೆ ಮಸಿ?”

“ಒತ್ತಸೋವಾಗ ಹತ್ತಿತ್ರಿ.”

“ತೊಳ್ಕ ಹೋಗು.” ಅವರು ಎದ್ದು ಕಪಾಟು ತೆರೆದು, ಕಾಗದವನ್ನು ಒಂದು ಫೈಲಿನಲ್ಲಿ ಸೇರಿಸಿ, ದಾರ ಕಟ್ಟಿದರು. ನಾಳೆ ವಕೀಲರಿಗೆ ಬೇಡ, ಅವರಿಗೆ ಕೊಟ್ಟರೆ ಎಲ್ಲೋ ಕಳೀತಾರೆ, ಹನ್ನೆರಡಕ್ಕೆ ನಾನೇ ಕೈಯಲ್ಲಿ ಹಿಡ್ಕಂಡು ಹೋಗಿ ಆಫೀಸರ ಮುಂದೆ ಇಡ್ತೀನಿ ಅಂದರು. ಕಪಾಟಿನ ಬಾಗಿಲು ಮುಚ್ಚುತ್ತಿದ್ದವರು ಏನೋ ನೆನಪಾದವರ ಹಾಗೆ ನಿಂತು ತಿರುಗಿದರು. “ಅಂದಂಗೆ, ಮಿಷಿನ್‌ಗೆ ಸಿಕ್ಕಿದ್ದು ಯಾವ ಕೈಯೋ ಅವ್ನದು?”

ಎರಡು ತಿಂಗಳಾಗಿತ್ತು. ಆ ಮಾತನ್ನು ಅವರು ಕೇಳಿದ್ದು ಇದೇ ಮೊದಲು. ಬಕ್ಕೇಶ ತನ್ನ ಎಡಗೈ ಹೆಬ್ಬೆಟ್ಟನ್ನು ಉಳಿದ ನಾಲ್ಕು ಬೆರಳೊಳಗೆ ಮಡಚಿಕೊಂಡ.

“ಬಲಗೈ ರೀ,” ಅಂದ.

“ಪುಣ್ಯ ಬಿಡು, ಎಡಗೈ ಉಳೀತಲ್ಲ,” ಅಂದು ಕೊಟ್ಟೂರಪ್ಪ ಕಪಾಟಿಗೆ ಬೀಗ ಹಾಕಿದರು.